ಅಟ್ಟದಲ್ಲಿ ಅಜ್ಜನ ಕೋವಿ, ತೋಟೆ ಸಿಕ್ಕಿದರೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೈವಳಿಕೆ ಕಡೆಯ ಹಳೇ ಮನೆ ಪಾಲಾಗುವಾಗ ಅಥವಾ ಕೆಡವುವಾಗ ಅಟ್ಟದಿಂದಲೋ ಪತ್ತಾಯದ ಹಿಂದಿನಿಂದಲೋ ಒಂದು ಪೆಟ್ಟಿಗೆ ಇಳಿಯುವುದುಂಟು. ಒಳಗೆ ಹಸಿರು ಕಟ್ಟಿದ ತೋಟೆ (ಕಾರ್ತೂಸು), ಕೋವಿಮದ್ದಿನ ಡಬ್ಬಿ, ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪು, ಸೀಸದ ಗುಂಡು. ಮಳೆ ತಿಂದು ಸತ್ತುಹೋಗಿದೆ ಎಂದುಕೊಂಡು ಮುಟ್ಟುವುದರಲ್ಲೇ ಅಪಾಯ ಇರುವುದು.

ಮೊದಲು ಮಕ್ಕಳನ್ನು ಹೊರಗೆ ಕಳುಹಿಸಿ. ಬೀಡಿ, ದೀಪ ಬೇಡ, ಟಾರ್ಚು ಸಾಕು. ಪೆಟ್ಟಿಗೆ ಅಲ್ಲಾಡಿಸದೆ, ಇದ್ದಲ್ಲೇ ಒಂದು ಫೋಟೋ ತೆಗೆದುಕೊಳ್ಳಿ.

12 ಬೋರಿನ ಹಳೇ ತೋಟೆಯ ಕಾಗದದ ಕವಚ ನಮ್ಮ ಮಳೆಗಾಲಕ್ಕೆ ಉಬ್ಬುತ್ತದೆ. ಒಳಗಿನ ಮದ್ದು ಅರ್ಧ ಹಾಳಾಗಿ, ಬುಡದ ಕೇಪು ಮಾತ್ರ ಗಟ್ಟಿಯಾಗಿ ಉಳಿದಿರಬಹುದು. ಅಂಥದನ್ನು ಕೋವಿಗೆ ಹಾಕಿ ಹೊಡೆದು ನೋಡಿದರೆ ಚರೆಯೂ (ಸಣ್ಣ ಗುಂಡು) ಅದರ ಹಿಂದಿನ ಬೆಣೆಯೂ ನಳಿಗೆಯ ನಡುವೆ ಸಿಕ್ಕಿಕೊಳ್ಳಬಹುದು. ಮುಂದಿನ ಈಡಿಗೆ ನಳಿಗೆಯೇ ಸೀಳಬಹುದು. ಕೆಲವು ತೋಟೆ ಟ್ರಿಗರ್ ಎಳೆದು ಕ್ಷಣಗಳು ಕಳೆದ ಮೇಲೆ, ಇದು ಸುಳ್ಳಾಯಿತೆಂದು ಕೋವಿ ಮಡಚಿ ತೆರೆಯುವಾಗ ಸಿಡಿಯುವುದೂ ಉಂಟು. ಹಿತ್ತಾಳೆಯ ಆಸೆಗೆ ಬುಡ ಕೀಳಬೇಡಿ, ಗುಜರಿಯವನಿಗೆ ಕೊಡಬೇಡಿ. ಬಚ್ಚಲೊಲೆಗೆ ಹಾಕಲೇಬೇಡಿ: ಕವಚ ಚೂರಾಗಿ ಹಾರುತ್ತದೆ. ಎಣ್ಣೆಯಲ್ಲಿ ನೆನೆಸಿದರೆ ಸಾಯುತ್ತದೆಂದು ನಂಬಲಾಗದು. ತೋಟದಲ್ಲಿ ಹೂತರೆ ಒಂದು ದಿನ ಪಿಕ್ಕಾಸಿಗೆ ಸಿಗುತ್ತದೆ. ಬಾವಿ, ನೀರಿನ ಸುರಂಗ, ಮದಕಕ್ಕೆ (ಕೆರೆಗೆ) ಎಸೆದರೆ ಸೀಸ ಕುಡಿಯುವ ನೀರಿಗೆ ಸೇರುತ್ತದೆ.

ಕರಿಮದ್ದು ಇನ್ನೂ ಮೋಸ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಈ ಮದ್ದು ಒಣಗಿ ಇದ್ದಷ್ಟು ಕಾಲ ಕೆಡುವುದೇ ಇಲ್ಲ. ಒದ್ದೆಯಾದದ್ದೂ ಒಣಗಿದರೆ ಹತ್ತಿಕೊಳ್ಳಬಹುದು. ತುಕ್ಕು ಹಿಡಿದ ಡಬ್ಬಿಯ ಮುಚ್ಚಳವನ್ನು ಬಲವಂತದಿಂದ ತಿರುಗಿಸಬೇಡಿ. ಖಾಲಿ ಕಾಣುವ ಮದ್ದಿನ ಕೊಂಬಿನ ತಳದಲ್ಲೂ ಒಂದು ಹಿಡಿ ಉಳಿದಿರಬಹುದು. ಚೆಲ್ಲಿದ ಕೇಪು ಕಾಲಡಿ ಸಿಕ್ಕಿದರೂ ಸಿಡಿಯಬಹುದು, ಇಕ್ಕಳದಲ್ಲಿ ಹಿಡಿಯಬೇಡಿ. ಗುಂಡಿನ ಮೇಲಿನ ಬಿಳಿ ಹುಡಿ ಸೀಸದ ವಿಷ; ಮುಟ್ಟಿದ್ದರೆ ಸೋಪು ಹಾಕಿ ಕೈ ತೊಳೆದ ಮೇಲೆಯೇ ಊಟ.

ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಸಿಕ್ಕಿದರೆ ಈಡು ತುಂಬಿದೆ ಎಂದೇ ತಿಳಿಯಿರಿ. ಹಿಂದೆ ತುಂಬಿಸಿಯೇ ಗೋಡೆಗೆ ತೂಗುಹಾಕಿ ಬಿಟ್ಟವರಿದ್ದರು. ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಎತ್ತಬೇಡಿ, ಕೂತಿರುವ ಕೇಪು ಕೀಳಬೇಡಿ, ಬಾಯಿಯ ಎದುರು ನಿಲ್ಲಬೇಡಿ.

ನೂಲು ಸುತ್ತಿದ ಉಂಡೆ ಕಂಡರೆ ಮಾತ್ರ ಕೋಣೆಯನ್ನೇ ಬಿಟ್ಟು ಹೊರಬನ್ನಿ. ಅದು ಕಾಡುಹಂದಿಗೆ ಇಡುತ್ತಿದ್ದ ಸಿಡಿಮದ್ದು ಆಗಿರಬಹುದು. ಒತ್ತಿದರೆ, ಬಿದ್ದರೆ, ಉಜ್ಜಿದರೆ ಕೈ ಹೋಗುತ್ತದೆ. ಕೂಡಲೇ 112ಕ್ಕೆ ಕರೆ ಮಾಡಿ.

ಉಳಿದದ್ದನ್ನೂ ಚೀಲದಲ್ಲಿ ಹಾಕಿಕೊಂಡು ಠಾಣೆಗೆ ಹೋಗಬೇಡಿ. ಲೈಸೆನ್ಸ್ ಇಲ್ಲದೆ ಒಯ್ಯುವುದು ಅಪರಾಧ, ಬಸ್ಸಿನಲ್ಲಾದರೆ ಬೇರೆಯವರಿಗೂ ಅಪಾಯ. ಹತ್ತಿರದ ಠಾಣೆಗೆ ಫೋನ್ ಮಾಡಿ, ಅವರನ್ನೇ ಬರಹೇಳಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ, ಇಟ್ಟುಕೊಳ್ಳುವ ಹಕ್ಕು ಮುಗಿದ ಕೋವಿ, ತೋಟೆಗಳನ್ನು ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯಲ್ಲೋ ಇಡಬೇಕು. ಸಿಕ್ಕಿದ ದಿನ, ಜಾಗ, ಲೆಕ್ಕ ಬರೆದ ಅರ್ಜಿಯ ಜೊತೆ ಅಜ್ಜನ ಮರಣ ಪ್ರಮಾಣಪತ್ರ, ಲೈಸೆನ್ಸ್ ಪುಸ್ತಕ ಇದ್ದರೆ ಅದರ ಪ್ರತಿ ಕೊಡಿ. ಕೋವಿಯ ನಂಬರು, ತೋಟೆಯ ಎಣಿಕೆ ಕಾಣಿಸಿದ ರಶೀದಿ ಕೈಗೆ ಬರುವವರೆಗೆ ಬಿಡಬೇಡಿ.

ಕೋವಿಗೆ ಲೈಸೆನ್ಸ್ ಇದ್ದು, ಮನೆಯಲ್ಲೇ ಉಳಿಸಿಕೊಳ್ಳಬೇಕೆಂದಿದ್ದರೆ ಮೊದಲು ಠಾಣೆಯಲ್ಲಿಟ್ಟು, ಆಮೇಲೆ ವಾರಸುದಾರರಾಗಿ ವಿದ್ಯಾನಗರದ ಕಲೆಕ್ಟರೇಟಿಗೆ ಅರ್ಜಿ ಹಾಕಿ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅದಕ್ಕೆ ಅವಕಾಶವಿದೆ. ಉಳಿದ ಪಾಲುದಾರರ ಒಪ್ಪಿಗೆ ಪತ್ರವನ್ನು ಮೊದಲೇ ಬರೆಸಿಟ್ಟುಕೊಳ್ಳಿ, ಹೆಚ್ಚಿನ ಕಡತ ನಿಲ್ಲುವುದು ಅಲ್ಲೇ. ಕೊಡಗಿನವರಿಗಿರುವ ಕೋವಿ ವಿನಾಯಿತಿ ಕೊಡವರಿಗೂ ಅಲ್ಲಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಮಾತ್ರ. ಗಡಿಯಾಚೆಯ ಭಾವನಿಗೆ ಲೈಸೆನ್ಸ್ ಇದೆಯೆಂದು ತೋಟೆ ಕೊಟ್ಟು ಕಳುಹಿಸಿದರೆ ಇಬ್ಬರ ಮೇಲೂ ಕೇಸು ಬೀಳಬಹುದು.

ಅದೇ ಪೆಟ್ಟಿಗೆಯಲ್ಲಿ ಕಡವೆಯ ಕೊಂಬು, ಹುಲಿಯ ಉಗುರು ಇದ್ದರೆ ಅದು ಪೊಲೀಸರ ಕಡತವಲ್ಲ, ಅರಣ್ಯ ಇಲಾಖೆಯದು. 1972ರ ವನ್ಯಜೀವಿ ಕಾಯ್ದೆಯಡಿ ಮಾಲೀಕತ್ವದ ಪ್ರಮಾಣಪತ್ರ ಇದೆಯೇ ಎಂದು ಹಳೇ ಕಾಗದಗಳಲ್ಲಿ ಹುಡುಕಿ. ಇಲ್ಲವಾದರೆ ಮಾರದೆ, ಯಾರಿಗೂ ಕೊಡದೆ ರೇಂಜ್ ಆಫೀಸಿಗೆ ಬರೆದು ತಿಳಿಸಿ.