ಕೋಲಿನ ತುದಿಗೆ ಕ್ಯಾಮೆರಾ ಕಟ್ಟುವ ಬಗೆ

ಉತ್ಖನನದ ಗುಂಡಿಯನ್ನೋ ಹೂದೋಟದ ಪಾತಿಗಳನ್ನೋ ಮೇಲಿನಿಂದ ಚಿತ್ರಿಸಲು ಆರು ಮೀಟರ್ ಎತ್ತರ ಸಾಮಾನ್ಯವಾಗಿ ಸಾಕಾಗುತ್ತದೆ. ಅಷ್ಟು ಎತ್ತರಕ್ಕೆ ಡ್ರೋನ್ ಬೇಕಿಲ್ಲ. ಒಂದರೊಳಗೊಂದು ಸೇರುವ ಉದ್ದನೆಯ ಕೋಲಿನಿಂದಲೇ ಕೆಲಸವಾಗುತ್ತದೆ.

ಕೋಲು ಫೈಬರ್‌ಗ್ಲಾಸಿನದಾಗಿರಲಿ. ಅಲ್ಯೂಮಿನಿಯಂ ಮತ್ತು ಕಾರ್ಬನ್ ಫೈಬರ್ ಎರಡರಲ್ಲೂ ವಿದ್ಯುತ್ ಹರಿಯುತ್ತದೆ. ಒದ್ದೆಯಾದ ಫೈಬರ್‌ಗ್ಲಾಸನ್ನೂ ನಂಬಲಾಗದು. ಆದ್ದರಿಂದ ಕೋಲು ಯಾವುದೇ ಆಗಿರಲಿ, ಅದು ಎತ್ತ ಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರದಲ್ಲಿ ಮಾತ್ರ ಅದನ್ನು ಎತ್ತಬೇಕು. ಈ ಒಂದು ವಿಷಯದಲ್ಲಿ ರಿಯಾಯಿತಿ ಇಲ್ಲ.

ತುದಿಯ ಭಾರ ಕಡಿಮೆಯಿದ್ದಷ್ಟೂ ಒಳ್ಳೆಯದು. ಒಂದೇ ದಪ್ಪದ ಕೋಲನ್ನು ಓರೆಯಾಗಿ ಹಿಡಿದಾಗ, ಉದ್ದ ಎರಡು ಪಟ್ಟಾದರೆ ಅದೇ ಭಾರಕ್ಕೆ ತುದಿಯ ಬಾಗು ಎಂಟು ಪಟ್ಟಾಗುತ್ತದೆ. ಹೀಗಾಗಿ 300 ಗ್ರಾಂ ಒಳಗಿನ ಚಿಕ್ಕ ಕ್ಯಾಮೆರಾವನ್ನೇ ನಾನು ಆರಿಸುತ್ತೇನೆ.

ನಿಜವಾದ ಕೆಲಸವಿರುವುದು ತುದಿಯ ಜೋಡಣೆಯಲ್ಲಿ. ಕೋಲಿನ ಬಾಯಿಗೆ ಬಿಗಿಯಾಗಿ ಕೂರುವ ಗಟ್ಟಿ ಮರದ ಬೆಣೆಯನ್ನು ಕೆತ್ತಿ, ಅಂಟು ಹಚ್ಚಿ ಕೂರಿಸಿ, ಅದು ತಿರುಗದಂತೆ ಅಡ್ಡಲಾಗಿ ಒಂದು ತಿರುಪನ್ನೂ ಹಾಕಬೇಕು. ಬೆಣೆಯ ಮೇಲೆ ಹತ್ತು ಸೆಂಟಿಮೀಟರಿನಷ್ಟು ಮುಂದಕ್ಕೆ ಚಾಚುವ ಲೋಹದ ಪಟ್ಟಿಯನ್ನು ಬಿಗಿದರೆ ಕೋಲು ಚಿತ್ರದೊಳಗೆ ನುಸುಳುವುದು ತಪ್ಪುತ್ತದೆ. ಪಟ್ಟಿಯನ್ನು ಬೇಕಾದ ಕೋನಕ್ಕೆ ಮೊದಲೇ ಬಗ್ಗಿಸಿಕೊಳ್ಳಬಹುದು. ಕ್ಯಾಮೆರಾದ ತಳಕ್ಕೆ ಬೇಕಾಗುವುದು ಕಾಲು ಅಂಗುಲ ವ್ಯಾಸದ, ಅಂಗುಲಕ್ಕೆ 20 ಸುತ್ತುಗಳಿರುವ ಬೋಲ್ಟ್. 6 ಮಿಲಿಮೀಟರಿನ ಬೋಲ್ಟ್ ನೋಡಲು ಹಾಗೆಯೇ ಇದ್ದರೂ ಅದರ ಸುತ್ತುಗಳ ಅಂತರ ಬೇರೆ, ಬಲವಂತವಾಗಿ ತಿರುಗಿಸಿದರೆ ಕ್ಯಾಮೆರಾದ ರಂಧ್ರವೇ ಹಾಳಾಗುತ್ತದೆ. ಬೋಲ್ಟ್ 5 ಮಿಲಿಮೀಟರಿಗಿಂತ ಹೆಚ್ಚು ಒಳಹೋಗದಂತೆ ವಾಷರ್‌ಗಳನ್ನು ಸೇರಿಸಿ, ನಡುವೆ ತೆಳುವಾದ ರಬ್ಬರನ್ನಿಡಿ. ಇವೆಲ್ಲಕ್ಕೂ ಹೊರತಾಗಿ, ಕ್ಯಾಮೆರಾದ ಕೊರಳಪಟ್ಟಿ ಸಿಕ್ಕಿಸುವ ಕೊಂಡಿಯಿಂದ ಕೋಲಿಗೆ ಗಟ್ಟಿಯಾದ ದಾರವೊಂದನ್ನು ಕಟ್ಟಲೇಬೇಕು. ಬೋಲ್ಟ್ ಸಡಿಲಗೊಂಡ ದಿನ ಕ್ಯಾಮೆರಾವನ್ನು ಉಳಿಸುವುದು ಆ ದಾರವೇ.

ಕೆಳಗೆ ನಿಂತವರಿಗೆ ಮಸೂರ ಎತ್ತ ನೋಡುತ್ತಿದೆಯೆಂದು ತಿಳಿಯುವುದಿಲ್ಲ. ಎಲ್ಲ ತುಂಡುಗಳ ಮೇಲೂ ಒಂದೇ ನೇರಕ್ಕೆ ಬಣ್ಣದ ಟೇಪ್ ಅಂಟಿಸಿಕೊಂಡರೆ ಈ ತೊಡಕು ನೀಗುತ್ತದೆ.

ಮೊದಲ ಸಲ ಕ್ಯಾಮೆರಾದ ಬದಲು ಅಷ್ಟೇ ತೂಕದ ಮರಳಿನ ಚೀಲವನ್ನು ಕಟ್ಟಿ, ಗಾಳಿಯಿಲ್ಲದ ಹೊತ್ತಿನಲ್ಲಿ ಎತ್ತಿ ನೋಡಿ. ಕೋಲನ್ನು ನೇರವಾಗಿ ನಿಲ್ಲಿಸಿಕೊಂಡು, ತುದಿಯ ತೆಳು ತುಂಡಿನಿಂದ ಆರಂಭಿಸಿ ಒಂದೊಂದಾಗಿ ಚಾಚಿ ಬಿಗಿಯಬೇಕು. ಇನ್ನೊಬ್ಬರು ಜೊತೆಗಿದ್ದರೆ ಬುಡವನ್ನು ಹಿಡಿಯಲು ಅನುಕೂಲ.

ಚಿತ್ರ ತೆಗೆಯುವಾಗ ಫೋಕಸನ್ನು ಮೊದಲೇ ಹೊಂದಿಸಿ ಸ್ಥಿರಗೊಳಿಸಿ, ಶಟರ್ ವೇಗವನ್ನು ಸೆಕೆಂಡಿನ 1/500ಕ್ಕೋ ಅದಕ್ಕಿಂತ ವೇಗಕ್ಕೋ ಇಟ್ಟು, ಎರಡು ಮೂರು ಸೆಕೆಂಡಿಗೊಂದರಂತೆ ತಾನಾಗಿ ಚಿತ್ರ ತೆಗೆಯುವ ವ್ಯವಸ್ಥೆಯನ್ನು ಚಾಲೂ ಮಾಡಿ. ಪೂರ್ಣ ಫ್ರೇಮಿನ (ಅಂದರೆ 36×24 ಮಿಲಿಮೀಟರ್ ಸಂವೇದಕದ) ಕ್ಯಾಮೆರಾದ 24 ಮಿಲಿಮೀಟರ್ ಮಸೂರಕ್ಕೆ ಸಮನಾದ ಮಸೂರ, ಆರು ಮೀಟರ್ ಎತ್ತರದಿಂದ ನೇರ ಕೆಳಗೆ ನೋಡಿದಾಗ, ಸುಮಾರು 9 ಮೀಟರ್ ಉದ್ದ, 6 ಮೀಟರ್ ಅಗಲದ ನೆಲವನ್ನು ಸೆರೆಹಿಡಿಯುತ್ತದೆ. ಚಿತ್ರಗಳನ್ನು ಜೋಡಿಸುವ ಉದ್ದೇಶವಿದ್ದರೆ, ಪ್ರತಿ ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನದರಲ್ಲೂ ಬರುವಂತೆ ಹೆಜ್ಜೆ ಸರಿಸಬೇಕು; ಪ್ರತಿ ನಿಲುಗಡೆಯಲ್ಲೂ ತೂಗಾಟ ನಿಲ್ಲುವವರೆಗೆ ಕಾಯುವುದು ಒಳಿತು.

ಇಳಿಸುವಾಗ ಬುಡದ ದಪ್ಪ ತುಂಡಿನ ಬೀಗವನ್ನೇ ಮೊದಲು ಸಡಿಲಿಸಿ, ಮೇಲಿನ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ನಿಧಾನವಾಗಿ ಒಳಸರಿಸಬೇಕು. ಅದು ಒಮ್ಮೆಲೇ ಜಾರಿದರೆ ಪೆಟ್ಟು ತಗಲುವುದು ಕ್ಯಾಮೆರಾಕ್ಕೆ, ಸಿಕ್ಕಿಕೊಳ್ಳುವುದು ಬೆರಳು.