.222 ಬಿಟ್ಟು .223 ಹಿಡಿದದ್ದು ಏಕೆ

.222 ರೆಮಿಂಗ್ಟನ್, .223 ರೆಮಿಂಗ್ಟನ್. ಎರಡು ತೋಟೆಗಳನ್ನೂ ಮೇಜಿನ ಮೇಲೆ ನಿಲ್ಲಿಸಿದರೆ ಹೊಸಬರಿಗೆ ಯಾವುದು ಯಾವುದೆಂದು ತಿಳಿಯುವುದೇ ಕಷ್ಟ. ಬುಡದ ಅಂಚು ಒಂದೇ ಅಳತೆ, ಕತ್ತಿನ ಕಡೆಗೆ ಕಿರಿದಾಗುವ ಹೆಗಲಿನ ಓರೆ ಎರಡಕ್ಕೂ 23 ಡಿಗ್ರಿ, ಗುಂಡಿನ ವ್ಯಾಸ ಎರಡರಲ್ಲೂ .224 ಇಂಚು. ಖಾಲಿ ಹಿತ್ತಾಳೆ ಕೇಸನ್ನು ಕ್ಯಾಲಿಪರಿಗೆ ಹಿಡಿದಾಗ ಗೊತ್ತಾಗುತ್ತದೆ: .222ರ ಉದ್ದ 1.700 ಇಂಚು, .223ರದು 1.760. ಅಂದರೆ ಒಂದೂವರೆ ಮಿಲಿಮೀಟರ್ ಅಂತರ. ಇಷ್ಟಕ್ಕೇ ಅಮೆರಿಕದ ಗುರಿಕಾರರಲ್ಲಿ ಎರಡು ಪಂಗಡ. ರೈಫಲ್ ಕೊಳ್ಳುವ ಮುಂಚೆ ನಾನೂ ಈ ವಾದದೊಳಗೆ ಬಹಳ ಕಾಲ ಮುಳುಗಿದ್ದೆ. ಕೊನೆಗೆ ನನ್ನ ಆಯ್ಕೆಯನ್ನು ನಿರ್ಧರಿಸಿದ್ದು ನಳಿಗೆಯ ಒಳಗಿನ ಸುರುಳಿ, ಅಂದರೆ ಗುಂಡನ್ನು ತಿರುಗಿಸಿ ಕಳಿಸುವ ಗೀರುಗಳು.

ನಾನು ಕೊಡಗಿನವನು. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವುದನ್ನು, ಆಮೇಲೆ ತೆಂಗಿನಕಾಯಿಗೆ ಗುರಿ ಹಿಡಿಯುವುದನ್ನು ನೋಡುತ್ತ ಬೆಳೆದವನು. ಆದರೆ ನಮ್ಮಲ್ಲಿ ಕೋವಿ ಎಂದರೆ ಒಂಟಿ ನಳಿಗೆ, ಜೋಡಿ ನಳಿಗೆ, ಒಳಗೆ ಚರೆ. ಐವತ್ತು ಗಜ ದಾಟಿದರೆ ಅದು ಬೇರೆಯೇ ಪ್ರಪಂಚ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದ ನಮಗೆ ಬೇಟೆ ಎಂಬುದು ಹಿರಿಯರ ಕತೆಗಳಲ್ಲಿ ಮಾತ್ರ. ದೂರದ ಗುರಿಯ ರೈಫಲನ್ನು ನಾನು ಕಲಿತದ್ದು ಕೊಲರಾಡೊಕ್ಕೆ ಬಂದ ಮೇಲೆ, ಅದೂ ಗ್ರೀನ್ ಕಾರ್ಡ್ ಕೈಗೆ ಸಿಕ್ಕ ಮೇಲೆ. ಇಲ್ಲಿರುವ ನಮ್ಮವರಿಗೆ ಇದೊಂದು ಮಾತು ಹೇಳಲೇಬೇಕು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದಕ್ಕೆ ಅಮೆರಿಕದ ಕೇಂದ್ರ ಕಾನೂನಿನ ತಡೆ ಇದೆ. ಬೇಟೆ ಲೈಸೆನ್ಸ್ ಇರುವವರಿಗೆ ವಿನಾಯಿತಿ ಉಂಟು, ಆದರೆ ಅದನ್ನು ವಕೀಲರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳದೆ ಗೆಳೆಯರ ರೈಫಲ್ ಕೂಡ ಮುಟ್ಟಬೇಡಿ.

ನನಗೆ ಬೇಕಾಗಿದ್ದುದು ಎರಡು ಕೆಲಸಕ್ಕೆ ಒಂದೇ ರೈಫಲ್. ಒಂದು, ರೇಂಜಿನಲ್ಲಿ 300 ಗಜದಿಂದ 500 ಗಜದವರೆಗೆ ಕಾಗದಕ್ಕೆ ಹೊಡೆಯುವುದು. ಇನ್ನೊಂದು, ಸೌತ್ ಡಕೋಟಾದ ಪಶ್ಚಿಮ ಭಾಗದಲ್ಲಿ ಪರಿಚಯದ ದನಗಾಹಿಯೊಬ್ಬರ ಹುಲ್ಲುಗಾವಲಿನಲ್ಲಿ ಪ್ರೇರಿ ಡಾಗ್. ಹೆಸರಲ್ಲಿ ನಾಯಿ ಇದ್ದರೂ ಅದು ಅಳಿಲಿನ ಕುಟುಂಬದ ಪ್ರಾಣಿ, ತೂಕ ಸುಮಾರು ಒಂದು ಕಿಲೋ, ನೆಲದಲ್ಲಿ ಬಿಲ ತೋಡಿ ಊರು ಕಟ್ಟಿಕೊಂಡಿರುತ್ತದೆ. ದನಕ್ಕೆ ಬೇಕಾದ ಹುಲ್ಲನ್ನು ಬುಡದವರೆಗೆ ಕತ್ತರಿಸುತ್ತದೆ ಎಂಬುದು ದನಗಾಹಿಗಳ ದೂರು. ಬಿಲದ ಬಾಯಲ್ಲಿ ಎದ್ದು ನಿಂತಾಗ ಅದರ ಅಗಲ ನನ್ನ ನಾಲ್ಕು ಬೆರಳಿಗಿಂತ ಹೆಚ್ಚಿಲ್ಲ. ಹೊಡೆತ ತಪ್ಪಿದರೆ ಪೂರ್ತಿ ತಪ್ಪಬೇಕು, ಬಿದ್ದರೆ ಆ ಕ್ಷಣವೇ ಸಾಯಬೇಕು. ಗಾಯಗೊಂಡು ಬಿಲ ಸೇರುವ ಹಾಗೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಹಾಗಾಗಿ ತೋಟೆ ಆರಿಸುವಾಗ ನಿಖರತೆ ಮೊದಲು, ಉಳಿದದ್ದೆಲ್ಲ ಆಮೇಲೆ.

ಮೊದಲು ನನ್ನ ಮನಸ್ಸು ವಾಲಿದ್ದು .222ರ ಕಡೆಗೇ. ಅದರ ಚರಿತ್ರೆ ಅಂಥದ್ದು. ರೆಮಿಂಗ್ಟನ್ ಕಂಪನಿಯ ಮೈಕ್ ವಾಕರ್ ರೂಪಿಸಿದ ಈ ತೋಟೆ 1950ರಲ್ಲಿ ಮಾಡೆಲ್ 722 ರೈಫಲಿನ ಜೊತೆ ಮಾರುಕಟ್ಟೆಗೆ ಬಂತು. ಬೆಂಚಿನ ಮೇಲೆ ರೈಫಲ್ ಇಟ್ಟು ಒಂದೇ ತೂತಿಗೆ ಗುಂಡು ಕೂರಿಸುವ ಬೆಂಚ್‌ರೆಸ್ಟ್ ಸ್ಪರ್ಧೆಗಳಲ್ಲಿ, 1975ರ ಸುಮಾರಿಗೆ ಪಾಲ್ಮಿಸಾನೊ ಮತ್ತು ಪಿಂಡೆಲ್ ಅವರ ಪಿಪಿಸಿ ತೋಟೆಗಳು ಬರುವ ತನಕ, ಇದರದೇ ರಾಜ್ಯ. .223 ಬಂದದ್ದು 1960ರ ದಶಕದಲ್ಲಿ, ಸೈನ್ಯದ 5.56 ಮಿಲಿಮೀಟರ್ ತೋಟೆಯ ಒಡಹುಟ್ಟಾಗಿ. ಹೀಗಾಗಿ ಒಂದಕ್ಕೆ ಸ್ಪರ್ಧೆಯ ಕೀರ್ತಿ ಅಂಟಿತು, ಇನ್ನೊಂದಕ್ಕೆ ಬ್ಯಾರಕ್ಕಿನ ಹಣೆಪಟ್ಟಿ.

.222 ಪಂಗಡದವರು ಮುಖ್ಯವಾಗಿ ಎತ್ತುವುದು ಕತ್ತಿನ ವಿಷಯ. ಗುಂಡನ್ನು ಹಿಡಿದಿಟ್ಟುಕೊಳ್ಳುವ ಕೇಸಿನ ಕತ್ತು ಕನಿಷ್ಠ ಗುಂಡಿನ ವ್ಯಾಸದಷ್ಟಾದರೂ ಉದ್ದ ಇರಬೇಕೆಂಬುದು ಮದ್ದು ತುಂಬುವವರ ಹಳೆಯ ಲೆಕ್ಕ. .222ರ ಕತ್ತು .313 ಇಂಚು, ಧಾರಾಳ. .223ರದು .203, ಲೆಕ್ಕಕ್ಕಿಂತ ಸ್ವಲ್ಪ ಗಿಡ್ಡ. ಮದ್ದು ಕಡಿಮೆ ಸುಡುವುದರಿಂದ .222ರ ನಳಿಗೆ ತಡವಾಗಿ ಕಾಯುತ್ತದೆ, ಸದ್ದೂ ಒದೆತವೂ ಒಂದು ಕೂದಲೆಳೆ ಕಡಿಮೆ. ಗೆಳೆಯರೊಬ್ಬರ ಹತ್ತಿರ 722 ಇದೆ. ಅದರಲ್ಲಿ 50 ಗ್ರೇನ್ (ಸುಮಾರು 3.2 ಗ್ರಾಂ) ತೂಕದ ಗುಂಡಿನಿಂದ 100 ಗಜಕ್ಕೆ ಹೊಡೆದು ನೋಡಿದೆ. ಐದು ಈಡುಗಳ ತೂತುಗಳು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋದವು, ಟೆಲಿಸ್ಕೋಪಿನಲ್ಲಿ ಗುಂಡು ಬಿದ್ದ ಜಾಗ ಕಣ್ಣಿಂದ ತಪ್ಪಲೇ ಇಲ್ಲ. ಅಷ್ಟು ಹಿತವಾದ ತೋಟೆ ಅದು. ಆ ಸಂಜೆ ಯಾರಾದರೂ .222 ಮಾರುತ್ತೇನೆ ಅಂದಿದ್ದರೆ ಅಲ್ಲೇ ಕೊಂಡುಬಿಡುತ್ತಿದ್ದೆ.

ಊರಿಗೆ ಫೋನ್ ಮಾಡಿದಾಗ ದೊಡ್ಡಪ್ಪನ ಹತ್ತಿರ ಈ ವಿಚಾರ ಹೇಳಿದೆ. ಅವರು ರೈಫಲ್ ಹಿಡಿದವರಲ್ಲ, ಆದರೆ ಕೋವಿಯ ಬಗ್ಗೆ ಅವರ ತಲೆ ಬಲು ಸ್ಪಷ್ಟ. "ಅಲ್ಲ ಮಗಾ, ತೋಟೆ ಉದ್ದ ಗಿಡ್ಡ ಬಿಡು. ಎಷ್ಟು ದೂರಕ್ಕೆ ಹೊಡೀಬೇಕು ನಿಂಗೆ? ಅಲ್ಲಿ ಗಾಳಿ ಹೆಂಗೆ?" ಎಂದರು. ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಲು ಕೂತದ್ದು ಆ ಮಾತಿನ ಮೇಲೆ.

ಡಕೋಟಾದ ಬಯಲಿನಲ್ಲಿ ಗಾಳಿ ನಿಲ್ಲುವುದು ಅಪರೂಪ. ಗಂಟೆಗೆ 10 ಮೈಲಿ ಅಡ್ಡಗಾಳಿ ಅಲ್ಲಿ ತಂಗಾಳಿ. .222ರಿಂದ 50 ಗ್ರೇನ್ ಗುಂಡು ಸೆಕೆಂಡಿಗೆ 3140 ಅಡಿ ವೇಗದಲ್ಲಿ ಹೊರಟರೆ ಆ ಗಾಳಿಗೆ 300 ಗಜದಲ್ಲಿ ಸುಮಾರು 12 ಇಂಚು ಪಕ್ಕಕ್ಕೆ ಸರಿಯುತ್ತದೆ. .223ರ 55 ಗ್ರೇನ್ ಗುಂಡು 3240 ಅಡಿ ವೇಗದಲ್ಲಿ ಹೊರಟು ಸುಮಾರು 11 ಇಂಚು. ಒಂದು ಇಂಚಿನ ಲಾಭ, ಅಷ್ಟೇ. ಗಾಳಿ ಅಂದಾಜಿಸುವುದರಲ್ಲಿ ನಾನು ಮೂರು ಮೈಲಿ ಆಚೀಚೆ ಮಾಡಿದರೆ ಆ ಲಾಭಕ್ಕೆ ಅರ್ಥವೇ ಇಲ್ಲ. ಹುಲ್ಲುಗಾವಲಿನ ಮಟ್ಟಿಗೆ ಇವೆರಡೂ ಸಮ ಎಂದು ನಾನು ಒಪ್ಪಿಕೊಂಡದ್ದು ಹೀಗೆ.

ಕಾಗದದ ಗುರಿಯ ಲೆಕ್ಕ ಬೇರೆ. ಅಲ್ಲಿ ಉದ್ದನೆಯ, ಭಾರದ, ಸ್ಪರ್ಧೆಗೆಂದೇ ಮಾಡಿದ ಮ್ಯಾಚ್ ಗುಂಡುಗಳು ಬೇಕು. 77 ಗ್ರೇನ್ ಗುಂಡು 2750 ಅಡಿಯಷ್ಟು ನಿಧಾನವಾಗಿ ಹೊರಟರೂ ಅದೇ ಗಾಳಿಗೆ 300 ಗಜದಲ್ಲಿ ಸರಿಯುವುದು 9 ಇಂಚಿನ ಆಸುಪಾಸು. 500 ಗಜಕ್ಕೆ ಹೋದಂತೆ ಈ ಅಂತರ ಇನ್ನೂ ಹಿಗ್ಗುತ್ತದೆ. ಆದರೆ ಆ ಗುಂಡು ನೆಟ್ಟಗೆ ಹಾರಬೇಕಾದರೆ ನಳಿಗೆ ಅದನ್ನು ಸಾಕಷ್ಟು ಜೋರಾಗಿ ತಿರುಗಿಸಬೇಕು. ಸುತ್ತು ಸಾಲದ ಬುಗುರಿ ತೂರಾಡುವ ಹಾಗೆಯೇ ಇದು. .222 ರೈಫಲುಗಳ ನಳಿಗೆಯಲ್ಲಿ ಸಾಂಪ್ರದಾಯಿಕವಾಗಿ 14 ಇಂಚಿಗೆ ಒಂದು ಸುತ್ತು. 50 ಗ್ರೇನ್ ಗುಂಡಿಗೆ ಅದು ಸಾಕು, 55ರ ಹತ್ತಿರಕ್ಕೆ ಬಂದರೆ ಅಂಚಿಗೆ ಬಂದಂತೆ. ಲೆಕ್ಕಕ್ಕೆ ಬರುವುದು ನಿಜಕ್ಕೂ ಗುಂಡಿನ ಉದ್ದ. ಭಾರ ಹೆಚ್ಚಿದ ಹಾಗೆ ಉದ್ದವೂ ಹೆಚ್ಚುವುದರಿಂದ ನಾವು ಭಾರದಲ್ಲಿ ಮಾತಾಡುತ್ತೇವೆ. ಸೀಸವಿಲ್ಲದ ತಾಮ್ರದ ಗುಂಡುಗಳು ಅದೇ ಭಾರಕ್ಕೆ ಇನ್ನೂ ಉದ್ದ. ಬೇಟೆಗೆ ಸೀಸದ ಗುಂಡನ್ನು ಕ್ಯಾಲಿಫೋರ್ನಿಯಾ 2019ರಿಂದ ಪೂರ್ತಿ ನಿಷೇಧಿಸಿರುವುದನ್ನು ನೋಡಿದರೆ, 14 ಇಂಚಿನ ಸುತ್ತಿನ ನಳಿಗೆ ಕೊಳ್ಳುವವರು ಇದನ್ನೂ ಯೋಚಿಸಬೇಕು.

ಗೆಳೆಯರು ಇದನ್ನು ನನಗೆ ಕಣ್ಣಾರೆ ತೋರಿಸಿದರು. ತಮ್ಮ 722ರಲ್ಲಿ ಬೇಕೆಂದೇ 69 ಗ್ರೇನ್ ಗುಂಡು ಹಾಕಿ 100 ಗಜಕ್ಕೆ ಹೊಡೆದರು. ಹತ್ತಿರ ಹೋಗಿ ನೋಡಿದರೆ ಕಾಗದದಲ್ಲಿ ದುಂಡು ತೂತಿಲ್ಲ. ಗುಂಡಿನ ಪಕ್ಕದ ಆಕಾರವೇ ಅಚ್ಚಾದಂತೆ ಉದ್ದನೆಯ ಸೀಳು, ಒಂದು ಬದಿಗೆ ಬೂದು ಬಣ್ಣದ ಉಜ್ಜು. ಗುಂಡು ಮೂತಿ ಮುಂದೆ ಮಾಡದೆ ಅಡ್ಡಡ್ಡ ಹೋಗಿ ಬಡಿದಿತ್ತು. ಎರಡನೇ ಈಡು ಕಾಗದದ ಮೂಲೆಗೆ, ಮೂರನೆಯದು ಕಾಗದಕ್ಕೇ ಬೀಳಲಿಲ್ಲ. ಅದೇ ಗುಂಡನ್ನು 8 ಇಂಚಿಗೆ ಒಂದು ಸುತ್ತಿರುವ .223ರಲ್ಲಿ ಹೊಡೆದಾಗ ತೂತುಗಳು ಅಚ್ಚುಕಟ್ಟಾಗಿ ಒಂದಕ್ಕೊಂದು ತಾಗಿಕೊಂಡವು.

ವೇಗದ ಸುರುಳಿ ಹಗುರ ಗುಂಡಿಗೆ ಆಗುವುದಿಲ್ಲ ಎನ್ನುವವರಿದ್ದಾರೆ. 8 ಇಂಚಿನ ಸುರುಳಿಯಲ್ಲಿ 3240 ಅಡಿ ವೇಗಕ್ಕೆ ಗುಂಡು ನಿಮಿಷಕ್ಕೆ ಸುಮಾರು 2.9 ಲಕ್ಷ ಸುತ್ತು ತಿರುಗುತ್ತದೆ, ತೀರಾ ತೆಳು ಹೊದಿಕೆಯ ಗುಂಡುಗಳು ಗಾಳಿಯಲ್ಲೇ ಚೂರಾಗಬಹುದು ಎಂಬುದು ನಿಜ. ಅದಕ್ಕೇ ಗುಂಡಿನ ಪೆಟ್ಟಿಗೆಯ ಮೇಲೆ ಬರೆದಿರುವ ವೇಗದ ಮಿತಿಯನ್ನು ಓದಬೇಕು. ನಾನು ಬಳಸುವ 55 ಗ್ರೇನ್ ಪ್ಲಾಸ್ಟಿಕ್ ತುದಿಯ ಗುಂಡು ಹಾಗೆ ಒಡೆದದ್ದನ್ನು ನೋಡಿಲ್ಲ.

ಕೊಂಡದ್ದು ಫಿನ್ಲೆಂಡಿನ ಟಿಕ್ಕಾ, .223, ದಪ್ಪ ನಳಿಗೆ, 8 ಇಂಚಿಗೆ ಒಂದು ಸುತ್ತು. .222ರ ಕೇಸಿನಲ್ಲಿ ಯಾವ ದೋಷವೂ ಇಲ್ಲ. ವೇಗದ ಸುರುಳಿಯ ನಳಿಗೆಯನ್ನು ಅದಕ್ಕೂ ಮಾಡಿಸಬಹುದು. ಅದಕ್ಕೆ ಬಂದೂಕಿನ ಕಮ್ಮಾರರಿಗೆ ಬೇರೆ ದುಡ್ಡು, ಬೇರೆ ತಿಂಗಳುಗಳು. .223ರಲ್ಲಿ ಅದು ಅಂಗಡಿಯಲ್ಲೇ ಸಿಗುತ್ತದೆ. ತೋಟೆಯ ಕತೆಯೂ ಹಾಗೇ. 2020-21ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಬರ ಬಂದಾಗ .223ರ ಕಪಾಟೂ ಖಾಲಿಯಾಗಿತ್ತು, ಆದರೆ ಮತ್ತೆ ಮೊದಲು ತುಂಬಿದ್ದೂ ಅದೇ. .222 ಪೆಟ್ಟಿಗೆ ನಮ್ಮ ಕಡೆಯ ಅಂಗಡಿಗಳಲ್ಲಿ ಒಳ್ಳೆಯ ಕಾಲದಲ್ಲೂ ಅಪರೂಪ. ಗಿಡ್ಡ ಕತ್ತಿನ ತೊಂದರೆ ನನ್ನ ಕಾಗದಗಳಲ್ಲಿ ಇದುವರೆಗೆ ಎಲ್ಲೂ ಕಂಡಿಲ್ಲ. ಒಳ್ಳೆಯ ನಳಿಗೆ, ಒಂದೇ ಸಮ ತುಂಬಿದ ಮದ್ದು, ಟ್ರಿಗರಿನ ಮೇಲೆ ಅವಸರವಿಲ್ಲದ ಬೆರಳು, ಇವು ಮೂರರ ಮುಂದೆ ಕತ್ತಿನ ಉದ್ದ ಬಹಳ ಹಿಂದಿನ ಸಾಲಿನದು.

ಹುಲ್ಲುಗಾವಲಿಗೆ ಹೋದಾಗ ನನ್ನ ಮಿತಿ 250 ಗಜ, ಗಾಳಿ ಜೋರಾದರೆ 150. ನಳಿಗೆ ಕೈಯಿಂದ ಮುಟ್ಟಲಾಗದಷ್ಟು ಕಾದರೆ ಬೋಲ್ಟ್ ತೆರೆದಿಟ್ಟು ನೆರಳಿನಲ್ಲಿ ಕೂರುತ್ತೇನೆ. ಹೊರ ರಾಜ್ಯದವರಿಗೆ ಅಲ್ಲಿ ಲೈಸೆನ್ಸ್ ಕಡ್ಡಾಯ. ಕೊನಾಟಾ ಬೇಸಿನ್ ಕಡೆ ಕಪ್ಪುಕಾಲಿನ ಫೆರೆಟ್‌ಗಳನ್ನು ಮತ್ತೆ ನೆಲೆಗೊಳಿಸಿದ್ದಾರೆ. ಅಳಿವಿನಂಚಿನ ಆ ಪ್ರಾಣಿಯ ಆಹಾರವೂ ಮನೆಯೂ ಪ್ರೇರಿ ಡಾಗ್ ಊರುಗಳೇ. ಅಂಥ ಜಾಗದಲ್ಲಿ ರೈಫಲ್ ಹೊರಗೆ ತೆಗೆಯಲೂಬಾರದು. ಸತ್ತ ಪ್ರಾಣಿಯನ್ನು ಬರಿಗೈಲಿ ಮುಟ್ಟಬೇಡಿ, ಅದರ ಚಿಗಟಗಳಲ್ಲಿ ಪ್ಲೇಗ್ ಇರಬಹುದು.

ನೀವು 200 ಗಜದ ಆಚೆ ಹೊಡೆಯುವುದಿಲ್ಲ, ಮದ್ದು ನೀವೇ ತುಂಬಿಕೊಳ್ಳುತ್ತೀರಿ, ಒಳ್ಳೆಯ ಹಳೆಯ .222 ಕಣ್ಣಿಗೆ ಬಿದ್ದಿದೆ ಎಂದಾದರೆ ಖಂಡಿತ ಕೊಳ್ಳಿ. ನಾನು ಹೇಳಿದ ತೊಡಕು ಯಾವುದೂ ನಿಮ್ಮನ್ನು ತಟ್ಟುವುದಿಲ್ಲ. ಆದರೆ ಎರಡೂ ರೈಫಲ್ ಒಂದೇ ಮನೆಯಲ್ಲಿದ್ದರೆ ತೋಟೆಗಳನ್ನು ಒಂದೇ ಚೀಲದಲ್ಲಿ ಒಯ್ಯಬೇಡಿ. ಗಿಡ್ಡದಾದ .222 ತೋಟೆ .223ರ ಚೇಂಬರಿನೊಳಗೆ ಸಲೀಸಾಗಿ ಹೋಗಿ ಕೂರುತ್ತದೆ. ಹೆಗಲಿಗೆ ಆಸರೆಯಿಲ್ಲದೆ ಈಡು ಹಾರಿದರೆ ಕೇಸು ಸೀಳಿ ಬಿಸಿ ಅನಿಲ ಮುಖದ ಕಡೆಗೇ ನುಗ್ಗಬಹುದು. ಗೆಳೆಯರೂ ನಾನೂ ಒಟ್ಟಿಗೆ ರೇಂಜಿಗೆ ಹೋದಾಗ ಅವರ ಪೆಟ್ಟಿಗೆ ಅವರ ಬೆಂಚಿನ ಮೇಲೆ, ನನ್ನದು ನನ್ನ ಬೆಂಚಿನ ಮೇಲೆ. ಪ್ರತಿ ತೋಟೆಯ ಬುಡದ ಅಚ್ಚನ್ನು ಓದಿದ ಮೇಲೆಯೇ ಒಳಗೆ ಹಾಕುತ್ತೇವೆ.