ಸಮಾನ ವೇತನ ಕೇಳಲು ಹೊರಡುವ ಮುನ್ನ

ಹದಿನೆಂಟು ವರ್ಷ ಸಂಬಳದ ಪಟ್ಟಿ ತಯಾರಿಸಿದ್ದೇನೆ. ಹೆಣ್ಣಿಗೆ ಕಡಿಮೆ ಕೊಡಿ ಎಂದು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ. ವ್ಯತ್ಯಾಸ ಅಡಗಿರುವುದು ಹುದ್ದೆಯ ಹೆಸರಿನಲ್ಲಿ, ಸೇರುವ ದಿನ ನಿಗದಿಯಾದ ಮೂಲವೇತನದಲ್ಲಿ, ಭತ್ಯೆಯ ಕಾಲಮ್ಮಿನಲ್ಲಿ.

ಆದ್ದರಿಂದ ಮೊದಲು ಎರಡು ವಾರ ನಿಮ್ಮ ಕೆಲಸವನ್ನು ನೀವೇ ಬರೆದಿಡಿ. ದಿನವೂ ಏನು ಮಾಡಿದಿರಿ, ಯಾವ ತೀರ್ಮಾನ ನಿಮ್ಮದು, ತಪ್ಪಾದರೆ ಯಾರನ್ನು ಕರೆದು ಕೇಳುತ್ತಾರೆ. ನನ್ನ ಹುದ್ದೆ ‘ಸಹಾಯಕಿ’, ಪಕ್ಕದ ಮೇಜಿನವರದು ‘ಅಧಿಕಾರಿ’. ತಿಂಗಳ ಕೊನೆಯ ಲೆಕ್ಕ ತಾಳೆ ನೋಡುತ್ತಿದ್ದವಳು ನಾನು. ಅವರಿಗೆ ಆ ಕೆಲಸ ಕಲಿಸಿದವಳೂ ನಾನೇ. ಅವರ ಸಂಬಳವನ್ನು ಪ್ರತಿ ತಿಂಗಳೂ ನನ್ನ ಬೆರಳುಗಳೇ ಟೈಪ್ ಮಾಡುತ್ತಿದ್ದವು. ಆದರೆ ಕಚೇರಿಯ ಗೋಪ್ಯ ಕಡತದಿಂದ ಅಂಕಿ ತೆಗೆದು ವಾದಕ್ಕೆ ಬಳಸಬಾರದು, ನಾನೂ ಬಳಸಲಿಲ್ಲ. ಅವರನ್ನೇ ನೇರವಾಗಿ ಕೇಳಿದೆ. ಒಂದು ಕ್ಷಣ ಸುಮ್ಮನಿದ್ದು, ಡ್ರಾಯರ್ ಎಳೆದು ತಮ್ಮ ಸಂಬಳದ ಚೀಟಿಯನ್ನು ನನ್ನ ಮುಂದಿಟ್ಟರು. ಕೇಳಿದರೆ ಹೇಳುವ ಸಹೋದ್ಯೋಗಿಗಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ.

‘ಅವರ ಕೆಲಸವೇ ಬೇರೆ’ ಎಂಬ ಉತ್ತರ ಬಂದೇ ಬರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1951ರ ಒಡಂಬಡಿಕೆ ಹೇಳುವುದು ‘ಸಮಾನ ಮೌಲ್ಯದ ಕೆಲಸ’ ಎಂದು. ಅದು ಒಂದೇ ಕೆಲಸವಾಗಿರಬೇಕಿಲ್ಲ. 1968ರಲ್ಲಿ ಇಂಗ್ಲೆಂಡಿನ ಡೆಗನ್‌ಹ್ಯಾಮ್‌ನಲ್ಲಿ ಕಾರಿನ ಸೀಟಿನ ಹೊದಿಕೆ ಹೊಲಿಯುತ್ತಿದ್ದ ಹೆಂಗಸರು ಮುಷ್ಕರ ಹೂಡಿದ್ದು ಇದೇ ಕಾರಣಕ್ಕೆ: ಅವರ ಹೊಲಿಗೆಯನ್ನು ಕಡಿಮೆ ಕೌಶಲದ ದರ್ಜೆಗೆ ಸೇರಿಸಲಾಗಿತ್ತು. ಗಂಡಸರ ದರದ ಶೇ. 92ರಷ್ಟು ಆಗಲೇ ಸಿಕ್ಕಿತು. ಸರಿಯಾದ ದರ್ಜೆ ಸಿಕ್ಕಿದ್ದು 1984ರಲ್ಲಿ, ಇನ್ನೊಂದು ಮುಷ್ಕರದ ನಂತರ. ಹಾಗಾಗಿ ಸಂಬಳದ ಜೊತೆಗೇ ದರ್ಜೆಯನ್ನೂ ಕೇಳಿ. ಬರೀ ಹಣ ಹೆಚ್ಚಿಸಿ ಹಳೆಯ ಹೆಸರನ್ನೇ ಉಳಿಸಿದರೆ ಮುಂದಿನ ಬಡ್ತಿಯಲ್ಲಿ ಮತ್ತೆ ಹಿಂದೆ ಬೀಳುತ್ತೀರಿ.

ಹೆರಿಗೆ ರಜೆ ತೆಗೆದುಕೊಂಡವರು ಆ ವರ್ಷದ ವೇತನ ಹೆಚ್ಚಳ ಸೇರಿದೆಯೇ ಎಂದು ತಪ್ಪದೆ ನೋಡಿ. ಒಂದೇ ವೃತ್ತಿಯಲ್ಲಿರುವ ಗಂಡು ಹೆಣ್ಣಿನ ಗಳಿಕೆಯ ಅಂತರ ಬಹುಪಾಲು ಮೊದಲ ಮಗುವಿನೊಂದಿಗೆ ಶುರುವಾಗುತ್ತದೆ ಎಂದು ತೋರಿಸಿದವರು 2023ರ ಅರ್ಥಶಾಸ್ತ್ರ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್.

ಮಾತುಕತೆಗೆ ಹೋದಾಗ ಮನೆ ಬಾಡಿಗೆ, ಮಕ್ಕಳ ಶುಲ್ಕದ ಮಾತು ಬೇಡವೇ ಬೇಡ. ಕೇಳುತ್ತಿರುವುದು ಸಹಾಯವನ್ನಲ್ಲ, ಕೆಲಸದ ಬೆಲೆಯನ್ನು. ಬರೆದದ್ದನ್ನು ಮೇಜಿನ ಮೇಲಿಟ್ಟು ‘ಈ ಎರಡು ಹುದ್ದೆಗಳ ಸಂಬಳ ಬೇರೆ ಇರಲು ಕಾರಣವೇನು? ಲಿಖಿತವಾಗಿ ತಿಳಿಸಿ’ ಎನ್ನಿ. ಸಾಧ್ಯವಾದರೆ ಇಬ್ಬರು ಮೂವರು ಸೇರಿ ಹೋಗಿ. ಕಾರ್ಮಿಕ ಸಂಘವಿದ್ದರೆ ಅವರನ್ನೂ ಕರೆದುಕೊಳ್ಳಿ. ಅದೇ ದಿನ ಸಂಜೆ, ಆಡಿದ ಮಾತನ್ನೆಲ್ಲ ಇಮೇಲ್‌ನಲ್ಲಿ ಬರೆದು ಕಳಿಸಿ.

ದಿನಾಂಕ ಮುಖ್ಯ. ಅಮೆರಿಕದ ಟೈರ್ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕಿಯಾಗಿದ್ದ ಲಿಲಿ ಲೆಡ್‌ಬೆಟರ್ ಅವರಿಗೆ ತಮಗೆ ಕಡಿಮೆ ಕೊಡುತ್ತಿದ್ದಾರೆಂದು ತಿಳಿದದ್ದು ಸೇವೆಯ ಕೊನೆಗಾಲದಲ್ಲಿ, ಯಾರೋ ಹೆಸರಿಲ್ಲದೆ ಬರೆದಿಟ್ಟ ಚೀಟಿಯಿಂದ. ದೂರು ಕೊಡುವ 180 ದಿನಗಳ ಗಡುವು ಮೀರಿದೆ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು. ಕಾನೂನು ಬದಲಾದದ್ದು 2009ರಲ್ಲಿ. ನಿಮಗೆ ಅನ್ವಯಿಸುವ ಗಡುವನ್ನು ಮೊದಲೇ ವಿಚಾರಿಸಿಕೊಳ್ಳಿ.

ನನ್ನ ಹುದ್ದೆಯ ಹೆಸರು ಬದಲಾಗಲು ಏಳು ತಿಂಗಳು ಹಿಡಿಯಿತು. ಹಿಂದಿನ ವರ್ಷಗಳ ಬಾಕಿ ಮಾತ್ರ ಬರಲಿಲ್ಲ. ಅಷ್ಟು ದಿನ ನಾನು ಏನನ್ನೂ ಬರೆದು ಕೇಳಿರಲಿಲ್ಲ.